ಸರ್ವರ್ ಟೆಂಪೋ ಹತ್ತುವ ಮುಂಚೆ

ಪ್ರಶ್ನೆ: ನಮ್ಮದು ಕೊಪ್ಪಿಕರ್ ರಸ್ತೆಯಲ್ಲಿರುವ ಆಡಿಟರ್ ಆಫೀಸು. ಮುಂದಿನ ತಿಂಗಳು ವಿದ್ಯಾನಗರಕ್ಕೆ ಶಿಫ್ಟ್ ಆಗುತ್ತಿದ್ದೇವೆ. ಎಲ್ಲ ಪಾರ್ಟಿಗಳ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಡೇಟಾ ಒಂದು ಟವರ್ ಸರ್ವರ್‌ನಲ್ಲಿದೆ. ಸ್ಕ್ಯಾನ್ ಮಾಡಿದ ಕಾಗದಪತ್ರವೆಲ್ಲ ನಾಲ್ಕು ಡಿಸ್ಕಿನ ನ್ಯಾಸ್ ಪೆಟ್ಟಿಗೆಯಲ್ಲಿದೆ (ನೆಟ್‌ವರ್ಕಿನಲ್ಲಿ ಎಲ್ಲರೂ ಫೈಲ್ ಇಡುವ ಪೆಟ್ಟಿಗೆ). ಸರ್ವರ್ ಆರು ವರ್ಷದಿಂದ ಹೆಚ್ಚುಕಡಿಮೆ ಆಫ್ ಆಗಿಯೇ ಇಲ್ಲ. ‘ರೇಡ್ ಹಾಕಿಸಿದ್ದೇವಲ್ಲ, ಮತ್ತೆ ಬ್ಯಾಕಪ್ ಯಾಕೆ’ ಅಂತಾರೆ ನಮ್ಮ ಸರ್. ನನಗೆ ಧೈರ್ಯ ಸಾಲುತ್ತಿಲ್ಲ.
– ಆಫೀಸ್ ನೋಡಿಕೊಳ್ಳುವವರು, ಹುಬ್ಬಳ್ಳಿ

ಉತ್ತರ: ಮೇಡಂ, ನಿಮ್ಮ ಅಳುಕು ಸರಿಯಾಗಿಯೇ ಇದೆ. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಜೋಡಿಸಿ ಒಂದೇ ಡಿಸ್ಕಿನಂತೆ ಬಳಸುವ ಏರ್ಪಾಡು. ಅದಿದ್ದರೆ ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ, ಅಷ್ಟೇ. ಯಾರೋ ಒಂದು ಫೋಲ್ಡರ್ ಅಳಿಸಿದರೆ ನಾಲ್ಕೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ವೈರಸ್ ಹೊಕ್ಕರೂ ಹಾಗೆಯೇ. ಪೆಟ್ಟಿಗೆ ಮೆಟ್ಟಿಲ ಮೇಲಿಂದ ಬಿದ್ದರೆ ನಾಲ್ಕೂ ಒಟ್ಟಿಗೇ ಬೀಳುತ್ತವೆ. ಜಿಎಸ್‌ಟಿ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು ಅನ್ನುವ ನಿಯಮ ನಿಮ್ಮ ಸರ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನೇ ಅವರಿಗೆ ನೆನಪಿಸಿ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದಿದ್ದು ಆ ‘ಆರು ವರ್ಷ’. ಸದಾ ತಿರುಗುತ್ತಿರುವ ಹಳೆಯ ಡಿಸ್ಕ್ ತಿರುಗುತ್ತಿರುವಷ್ಟು ದಿನ ಚೆನ್ನಾಗಿಯೇ ಇರುತ್ತದೆ. ಒಮ್ಮೆ ಆಫ್ ಮಾಡಿ, ತಣ್ಣಗಾದ ಮೇಲೆ ಮತ್ತೆ ಆನ್ ಮಾಡಿದಾಗ ಕೆಲವು ಏಳುವುದೇ ಇಲ್ಲ. ಅಂದರೆ ಅಪಾಯ ಶುರುವಾಗುವುದು ದಾರಿಯಲ್ಲಲ್ಲ, ನೀವು ಶಟ್‌ಡೌನ್ ಒತ್ತಿದ ಗಳಿಗೆಯಲ್ಲಿ. ಹಾಗಾಗಿ ಆ ಗುಂಡಿ ಒತ್ತುವ ಮೊದಲೇ ಕಾಪಿ ಕೈಯಲ್ಲಿರಬೇಕು, ಅದು ತೆರೆದುಕೊಳ್ಳುತ್ತದೆ ಅಂತ ಕಣ್ಣಾರೆ ನೋಡಿಯೂ ಆಗಿರಬೇಕು.

ತೆರೆದು ನೋಡಿ ಅಂತ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ದಾವಣಗೆರೆಯ ಒಂದು ಸಗಟು ಅಂಗಡಿಯಲ್ಲಿ ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತು. ಬೆಳಗ್ಗೆ ಹಸಿರು ಟಿಕ್ ಬರುತ್ತಿತ್ತು. ಗೋದಾಮು ಬದಲಿಸುವ ವಾರ ನಾನು ಆ ಕಾಪಿಯನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿ ಟ್ಯಾಲಿಯಲ್ಲಿ ತೆರೆದೆ. ಕೊನೆಯ ವೋಚರ್ ಎರಡು ವರ್ಷ ಹಳೆಯದು! ಹೊಸ ವರ್ಷದ ಲೆಕ್ಕಕ್ಕೆ ಯಾರೋ ಬೇರೆ ಫೋಲ್ಡರ್ ಮಾಡಿದ್ದರು. ಬ್ಯಾಕಪ್ ಮಾತ್ರ ಹಳೇ ಫೋಲ್ಡರನ್ನೇ ನಿಷ್ಠೆಯಿಂದ ಕಾಪಿ ಮಾಡುತ್ತಾ ಕೂತಿತ್ತು. ಟಿಕ್ ಸುಳ್ಳು ಹೇಳಿರಲಿಲ್ಲ, ಆದರೆ ಬೇಕಾದ್ದು ಅದರಲ್ಲಿ ಇರಲಿಲ್ಲ.

ನೀವೂ ಹಾಗೇ ಮಾಡಿ. ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ. ದೊಡ್ಡ ಪಾರ್ಟಿಗಳಲ್ಲಿ ಒಂದೆರಡನ್ನು ತೆಗೆದು ಮಾರ್ಚ್ 31ರ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿ. ನಿನ್ನೆ ಹಾಕಿದ ವೋಚರ್ ಅದರಲ್ಲಿದೆಯಾ ನೋಡಿ. ಸ್ಕ್ಯಾನ್ ಫೈಲ್‌ಗಳಲ್ಲೂ ಅಲ್ಲೊಂದು ಇಲ್ಲೊಂದು ತೆರೆಯಿರಿ. ಇಂಥ ಕಾಪಿ ಎರಡಿರಲಿ: ಒಂದು ಸರ್ ಮನೆಯ ಬೀರುವಿನಲ್ಲಿ, ಇನ್ನೊಂದು ಕ್ಲೌಡ್‌ನಲ್ಲೋ ಬೇರೆ ಡಿಸ್ಕಿನಲ್ಲೋ. ಸರ್ವರ್ ಹೋಗುವ ಗಾಡಿಯಲ್ಲಿ ಕಾಪಿ ಹೋಗಕೂಡದು.

ದಿನ ಆರಿಸುವಾಗ ರಿಟರ್ನ್ ಕ್ಯಾಲೆಂಡರ್ ನೋಡಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ, ಮೂರು ತಿಂಗಳಿಗೊಮ್ಮೆ ಸಲ್ಲಿಸುವವರದು ನಮ್ಮಲ್ಲಿ 22. ಅದು ಮುಗಿದ ಮೇಲಿನ ಶನಿವಾರ ಸಂಜೆ ಒಳ್ಳೆಯದು.

ಆಫ್ ಮಾಡುವ ಮುಂಚೆ ಹಿಂದುಗಡೆಯ ವೈರುಗಳ ಫೋಟೋ ತೆಗೆದುಕೊಳ್ಳಿ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಅದರ 48 ಅಂಕಿಯ ರಿಕವರಿ ಕೀ ಪ್ರಿಂಟ್ ಮಾಡಿಡಿ. ಆ ಕೀ ಸರ್ವರ್ ಒಳಗೇ ಉಳಿದುಬಿಟ್ಟರೆ ಉಪಯೋಗವಿಲ್ಲ, ಅಲ್ವಾ? ಆಮೇಲೆ ಎಲ್ಲರೂ ಟ್ಯಾಲಿಯಿಂದ ಹೊರಬರಲಿ. ಮೊದಲು ಸರ್ವರ್, ನಂತರ ನ್ಯಾಸ್, ಕೊನೆಗೆ ಯುಪಿಎಸ್. ನ್ಯಾಸನ್ನು ಅದರ ಮೆನುವಿನಿಂದಲೇ ಶಟ್‌ಡೌನ್ ಮಾಡಿ, ದೀಪಗಳೆಲ್ಲ ಆರುವವರೆಗೆ ಕಾಯಿರಿ. ಡಿಸ್ಕ್‌ಗಳನ್ನು ಹೊರತೆಗೆಯುವುದಾದರೆ ಒಂದೊಂದಕ್ಕೂ 1, 2, 3, 4 ಅಂತ ಚೀಟಿ ಅಂಟಿಸಿ. ಅದಲುಬದಲಾದರೂ ಕೆಲವು ಪೆಟ್ಟಿಗೆಗಳು ಗುರುತು ಹಿಡಿಯುತ್ತವೆ, ಎಲ್ಲವೂ ಅಲ್ಲ.

ಕುರ್ಚಿ, ಕಪಾಟು, ಯುಪಿಎಸ್ ಹಮಾಲರು ಟೆಂಪೋಗೆ ಹಾಕಲಿ. ಸರ್ವರ್ ಮತ್ತು ಡಿಸ್ಕ್ ಮಾತ್ರ ಕಾರಿನ ಹಿಂದಿನ ಸೀಟಿನಲ್ಲಿ, ದಪ್ಪ ಹೊದಿಕೆಯ ಮೇಲೆ ಬರಲಿ. ಪಕ್ಕದಲ್ಲಿ ನೀವೇ ಕೂತುಕೊಳ್ಳಿ.

ಹೊಸ ಜಾಗದಲ್ಲಿ ಬಣ್ಣ, ಫಾಲ್ಸ್ ಸೀಲಿಂಗ್‌ಗೆ ಎಲ್ಲರೂ ಖರ್ಚು ಮಾಡುತ್ತಾರೆ. ಅರ್ಥಿಂಗ್ ಬಗ್ಗೆ ಕೇಳುವವರೇ ಇಲ್ಲ, ಅದು ನನಗೆ ತುಂಬ ಬೇಸರದ ವಿಷಯ. ಶಿಫ್ಟ್ ಆಗುವ ವಾರದ ಮುಂಚೆಯೇ ಎಲೆಕ್ಟ್ರಿಷಿಯನ್ ಕರೆಸಿ, ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಮೀಟರ್‌ನಲ್ಲಿ ಅಳೆಸಿ. ಎರಡು ವೋಲ್ಟ್ ಒಳಗಿದ್ದರೆ ಸರಿ. ಜಾಸ್ತಿ ಬಂದರೆ ಅರ್ಥಿಂಗ್ ಗುಂಡಿ ಸರಿಮಾಡಿಸುವವರೆಗೆ ಸರ್ವರ್ ಸಿಕ್ಕಿಸಬೇಡಿ.

ಆನ್ ಮಾಡುವಾಗ ಯುಪಿಎಸ್, ರೂಟರ್ ಮತ್ತು ಸ್ವಿಚ್, ನ್ಯಾಸ್, ಆಮೇಲೆ ಸರ್ವರ್, ಕೊನೆಗೆ ಉಳಿದ ಕಂಪ್ಯೂಟರ್‌ಗಳು. ಮೊದಲು ತಾರೀಖು ನೋಡಿ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ವರ್ಷಗಳಷ್ಟು ಹಿಂದಿನ ದಿನಾಂಕ ತೋರಿಸುತ್ತದೆ. ಸಿಆರ್2032 ಅಂತ ಕೇಳಿದರೆ ಅಂಗಡಿಯಲ್ಲಿ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ. ಹೊಸ ಇಂಟರ್ನೆಟ್‌ನವರ ರೂಟರ್ ಬೇರೆ ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ) ಸಾಲು ಕೊಟ್ಟರೆ ಸರ್ವರ್ ಯಾರಿಗೂ ಕಾಣುವುದಿಲ್ಲ. ಡೇಟಾ ಹೋಯ್ತು ಅಂತ ಗಾಬರಿ ಬೀಳಬೇಡಿ. ಹಳೆಯ ಐಪಿ ಬರೆದಿಟ್ಟುಕೊಂಡಿದ್ದರೆ ರೂಟರ್‌ನಲ್ಲಿ ಅದೇ ಸಾಲು ಹಾಕಿಸಬಹುದು.

ಪ್ರಶ್ನೆ: ಸರ್, ನಮ್ಮ ಪತ್ತಿನ ಸಂಘದ ಏರಿಯಾದಲ್ಲಿ ಹೆಸ್ಕಾಂನವರು ಬೆಳಗ್ಗೆ 10ರಿಂದ 4ರವರೆಗೆ ಕರೆಂಟ್ ತೆಗೆಯುತ್ತಾರಂತೆ. ಯುಪಿಎಸ್ ಅರ್ಧ ತಾಸು ಬರುತ್ತದೆ. ಕರೆಂಟ್ ಹೋದ ಮೇಲೆ ಆಫ್ ಮಾಡಿದರೆ ಸಾಲದೇ?
– ಒಬ್ಬ ಗುಮಾಸ್ತರು, ಗದಗ

ಉತ್ತರ: ಸಾಲದು ಸರ್. ಹಳೆಯ ಬ್ಯಾಟರಿಯ ಅರ್ಧ ತಾಸನ್ನು ನಂಬಬೇಡಿ, ಲೋಡ್ ಬಿದ್ದಾಗ ಅದು ಐದು ನಿಮಿಷವೂ ಆಗಬಹುದು. ಒಂಬತ್ತೂವರೆಗೇ ಸರ್ವರ್ ಆಫ್ ಮಾಡಿ, ಎಂಸಿಬಿ ಸ್ವಿಚ್ಚನ್ನೂ ಇಳಿಸಿ. ನಾಲ್ಕಕ್ಕೆ ಕರೆಂಟ್ ಬಂದ ಕೂಡಲೇ ಏರಿಸಬೇಡಿ. ಲೈನ್ ಕೆಲಸ ಮುಗಿದ ಮೇಲೆ ಒಂದೆರಡು ಸಲ ಹೋಗಿ ಬರುವುದು ಸಾಮಾನ್ಯ. ಕಾಲು ತಾಸು ತಡೆದು ಏರಿಸಿ. ಅವತ್ತಿನ ಪಿಗ್ಮಿ ಕಲೆಕ್ಷನ್ ಪುಸ್ತಕದಲ್ಲಿ ಬರೆದುಕೊಂಡು ಸಂಜೆ ಎಂಟ್ರಿ ಮಾಡಿದರಾಯಿತು.