ಬೆಳಗಿನ ಹೊಟ್ಟೆನೋವು, ಸಂಜೆಯ ಸಿಟ್ಟು: ಮನೋವೈದ್ಯರಿಗೆ ಓದುಗರ ಪ್ರಶ್ನೆ

ಪ್ರಶ್ನೆ: ನನ್ನ ಯಜಮಾನರು ಕಾಫಿ ಎಸ್ಟೇಟಿನಲ್ಲಿ ರೈಟರ್. ಒಬ್ಬನೇ ಮಗ, ಈಗ ಹತ್ತನೇ ತರಗತಿ. ಚೆನ್ನಾಗಿಯೇ ಓದುತ್ತಿದ್ದವನು ದಸರಾ ರಜೆ ಮುಗಿದಂದಿನಿಂದ ಶಾಲೆಯ ಬಸ್ಸು ಬರುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾನೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲವೆಂದು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದರು. ವಾಲಿಬಾಲ್ ಬಿಟ್ಟಿದ್ದಾನೆ, ಒಂದು ಮಾತು ಹೆಚ್ಚು ಕೇಳಿದರೆ ತಟ್ಟೆ ತಳ್ಳಿ ಎದ್ದುಹೋಗುತ್ತಾನೆ, ರಾತ್ರಿ ಒಂದು ಗಂಟೆಯಾದರೂ ಮೊಬೈಲ್ ಕೆಳಗಿಡುವುದಿಲ್ಲ. ಇದು ಮೈಗಳ್ಳತನ ಎಂದು ಯಜಮಾನರು, ತಡೆ ಒಡೆಸಿ ಎಂದು ನಮ್ಮತ್ತೆ ಹೇಳುತ್ತಾರೆ. ಮನೋವೈದ್ಯರಿಗೆ ತೋರಿಸಿದರೆ ನಿದ್ರೆ ಮಾತ್ರೆ ಅಭ್ಯಾಸವಾಗುತ್ತದೆ, ನಾಲ್ಕು ಜನರಿಗೆ ಗೊತ್ತಾಗುತ್ತದೆ ಎಂಬ ಭಯ ನನಗೆ. ಏನು ಮಾಡಲಿ?
– ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ಮಗನ ಹೊಟ್ಟೆನೋವು ನಾಟಕವಾಗಿರಲಾರದು. ಕರುಳಿಗೂ ಮಿದುಳಿಗೂ ನರಗಳ ಮೂಲಕ ನೇರ ಸಂಬಂಧವಿರುವುದರಿಂದ ಆತಂಕ ಹೆಚ್ಚಾದಾಗ ಹೊಟ್ಟೆ ನಿಜವಾಗಿಯೇ ನುಲಿಯುತ್ತದೆ, ಆ ನೋವು ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ. ಭಾನುವಾರ ಅವನಿಗೆ ನೋವಿರುತ್ತದೆಯೇ ಎಂದು ಗಮನಿಸಿ. ಇಲ್ಲವೆಂದಾದರೆ 'ಸುಳ್ಳು ಹೇಳುತ್ತಿದ್ದೀಯ' ಎಂದು ಅವನ ಮೇಲೆ ಬೀಳದೆ, ಶಾಲೆಯಲ್ಲೋ ಬಸ್ಸಿನಲ್ಲೋ ಏನೋ ಅವನನ್ನು ಕಾಡುತ್ತಿರಬಹುದೆಂದು ಯೋಚಿಸಿ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಮಕ್ಕಳನ್ನು ಹೀಗೆ ಕುಗ್ಗಿಸುವುದುಂಟು, ಆದ್ದರಿಂದ ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿ.

ನಿಮ್ಮ ಪತ್ರದಲ್ಲಿ ನಾನು ಹೆಚ್ಚು ತೂಕ ಕೊಡುವುದು ಅವನು ವಾಲಿಬಾಲ್ ಬಿಟ್ಟದ್ದಕ್ಕೆ. ಓದು ಬೇಸರವಾದ ಹುಡುಗ ಆಟಕ್ಕೆ ಓಡುತ್ತಾನೆ. ಆಟವೂ ಬೇಡವಾಯಿತೆಂದರೆ ಅದನ್ನು ಮೈಗಳ್ಳತನ ಎನ್ನಲಾಗದು. ಹದಿಹರೆಯದವರ ಖಿನ್ನತೆ ಎಷ್ಟೋ ಸಲ ಅಳುವಾಗಿ ಅಲ್ಲ, ಸಿಡಿಮಿಡಿಯಾಗಿಯೇ ಹೊರಬೀಳುತ್ತದೆ. ಇಂತಹ ಬದಲಾವಣೆ ಎರಡು ವಾರ ಮೀರಿ ಉಳಿದರೆ ವೈದ್ಯರಿಗೆ ತೋರಿಸಬೇಕು, ನಿಮ್ಮಲ್ಲಿ ಆ ಅವಧಿ ಎಂದೋ ಮುಗಿದಿದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಅಂದರೆ ಅರವತ್ತು ಮಕ್ಕಳ ತರಗತಿಯಲ್ಲಿ ಸುಮಾರು ನಾಲ್ವರು.

ಮೊಬೈಲನ್ನು ಕಿತ್ತುಕೊಳ್ಳಬೇಡಿ. ಈ ವಯಸ್ಸಿನಲ್ಲಿ ನಿದ್ರೆ ಬರುವ ಹೊತ್ತೇ ತಡವಾಗುತ್ತದೆ, ಎಂಟರಿಂದ ಹತ್ತು ಗಂಟೆಯ ನಿದ್ರೆಯಂತೂ ಬೇಕೇ ಬೇಕು; ಬೆಳಿಗ್ಗೆ ಬೇಗ ಬಸ್ಸು ಹಿಡಿಯುವ ಮಲೆನಾಡಿನ ಮಕ್ಕಳಿಗೆ ಅದು ಸಿಗುವುದೇ ಅಪರೂಪ. ಮನೆಯವರೆಲ್ಲರ ಮೊಬೈಲುಗಳೂ, ನಿಮ್ಮ ಯಜಮಾನರದ್ದೂ ಸೇರಿ, ರಾತ್ರಿ ಹತ್ತಕ್ಕೆ ನಡುಮನೆಯಲ್ಲಿ ಚಾರ್ಜಿಗೆ ಹೋಗಲಿ.

ಅವನನ್ನು ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಕಣದಲ್ಲಿ ಕಾಫಿ ಕೆದಕುವಾಗಲೋ ಸಾಮಾನು ತರಲು ಜೊತೆಗೆ ನಡೆಯುವಾಗಲೋ 'ಮೊದಲಿನ ಹಾಗಿಲ್ಲ ನೀನು, ಏನು ಕಷ್ಟ ಮಗಾ?' ಎಂದು ಕೇಳಿ, ಕೇಳಿದ ಮೇಲೆ ಉಪದೇಶ ಮಾಡದೆ ಸುಮ್ಮನಿರಿ. 'ಬದುಕೇ ಬೇಡ ಅನ್ನಿಸುತ್ತದಾ?' ಎಂದೂ ನೇರವಾಗಿ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಉತ್ತರ ಏನೇ ಬರಲಿ, ತೋಟದ ಔಷಧಿ, ಕಳೆನಾಶಕ, ಮನೆಯ ಮಾತ್ರೆಗಳು ಇವತ್ತೇ ಬೀಗದೊಳಗೆ ಸೇರಲಿ.

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಹೊರಡುವ ಮೊದಲು ಮಾತನಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ತೊಂದರೆ ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಖಿನ್ನತೆಗೆ ಕೊಡುವ ಮಾತ್ರೆಗಳು ನಿದ್ರೆ ಮಾತ್ರೆಗಳಲ್ಲ, ಚಟ ಹಿಡಿಸುವುದಿಲ್ಲ. ಅವುಗಳ ಗುಣ ಕಾಣಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ನಿಲ್ಲಿಸಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು, ಶಾಲೆಯ ಟಿ.ಸಿ.ಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ತಡೆ ಒಡೆಸುವುದರಿಂದ ಅತ್ತೆಯವರಿಗೆ ಸಮಾಧಾನವಾಗುವುದಾದರೆ ಒಡೆಸಲಿ, ಆಸ್ಪತ್ರೆಗೆ ಹೋಗುವುದು ಮಾತ್ರ ಅದಕ್ಕಾಗಿ ಒಂದು ದಿನವೂ ಮುಂದೆ ಹೋಗಬಾರದು.

ಹಾಸನ 2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲ ಸ್ಥಾನದಲ್ಲಿದ್ದ ಜಿಲ್ಲೆ. ಆ ಹೆಮ್ಮೆಯ ಭಾರ ಹೊರಬೇಕಾದವರು ಮಕ್ಕಳು ಎಂಬುದು ನಮಗೆ ನೆನಪಿರುವುದಿಲ್ಲ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಲು ಅವಕಾಶವಿದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಈ ಮಾತನ್ನು ಅವನಿಗೆ ಹೇಳಬೇಕಾದವರು ನೀವಲ್ಲ, ನಿಮ್ಮ ಯಜಮಾನರು.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತೋಳಿನಲ್ಲಿ ಕೊಯ್ದುಕೊಂಡ ಗೆರೆಗಳಿವೆ. ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ.
– ಶಿಕ್ಷಕಿ, ಕಡೂರು

ಉತ್ತರ: ಆಣೆ ಉಳಿಸಿಕೊಳ್ಳುವಂತಿಲ್ಲ, ಆದರೆ ಅವಳ ಬೆನ್ನ ಹಿಂದೆ ಮುರಿಯಬೇಡಿ. ಯಾರಿಗೆ, ಏನು, ಏಕೆ ಹೇಳುತ್ತೀರೆಂಬುದನ್ನು ಮೊದಲು ಅವಳಿಗೇ ತಿಳಿಸಿ. ಹೀಗೆ ಮಾಡಿಕೊಳ್ಳುವ ಎಲ್ಲ ಮಕ್ಕಳೂ ಸಾಯಲು ಬಯಸುವುದಿಲ್ಲ. ತಡೆಯಲಾರದ ಸಂಕಟವನ್ನು ಕ್ಷಣಕಾಲ ಹಗುರ ಮಾಡಿಕೊಳ್ಳುವ ದಾರಿ ಅದಾಗಿರಬಹುದು. ಆದರೂ ಅಪಾಯ ಇಲ್ಲವೆಂದು ನಿರ್ಧರಿಸುವ ಕೆಲಸ ಶಿಕ್ಷಕರದ್ದಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ನ ಆಪ್ತಸಮಾಲೋಚಕರ ಮೂಲಕ ಮನೋವೈದ್ಯರನ್ನು ಕಾಣಿಸಿ.

ಪೋಷಕರನ್ನು ಕರೆಸುವ ಮುನ್ನ ಮನೆಯಲ್ಲಿ ಯಾರಿಂದಾದರೂ ಭಯವಿದೆಯೇ ಎಂದು ಅವಳನ್ನು ಒಂಟಿಯಾಗಿ ಕೇಳಿ. ಲೈಂಗಿಕ ಕಿರುಕುಳದ ಸಂಶಯ ಬಂದರೂ ಸಾಕು, 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ರ ನೆರವನ್ನೂ ಪಡೆಯಬಹುದು. ಮುಖ್ಯ ಶಿಕ್ಷಕರನ್ನು ಬಿಟ್ಟು ಸ್ಟಾಫ್ ರೂಮಿನಲ್ಲಿ ಬೇರೆ ಯಾರಿಗೂ ಈ ವಿಷಯ ತಿಳಿಯಬೇಕಾಗಿಲ್ಲ, ಪ್ರಾರ್ಥನೆಯ ವೇಳೆ ಈ ಕುರಿತು ಭಾಷಣವೂ ಬೇಡ. ಚಿಕಿತ್ಸೆ ಆರಂಭವಾದ ಮೇಲೂ ತರಗತಿಯಲ್ಲಿ ಎಲ್ಲರಂತೆಯೇ ಅವಳನ್ನು ಪ್ರಶ್ನೆ ಕೇಳಿ, ಹೋಂವರ್ಕ್ ನೋಡಿ, ತಪ್ಪಿದ್ದರೆ ತಿದ್ದಿ.