ಸಿಇಎ ಏರಿದೆ, ಕ್ಯಾನ್ಸರ್ ಮತ್ತೆ ಬಂತಾ?

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ 61 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎರಡೂ ಮುಗಿದು ಒಂದೂವರೆ ವರ್ಷ ಆಯಿತು. ಕ್ಯಾನ್ಸರ್ ಮರಳಿದೆಯಾ ಅಂತ ನೋಡೋಕೆ ಮೂರು ತಿಂಗಳಿಗೊಮ್ಮೆ ಸಿಇಎ (ಕರುಳಿನ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್) ರಕ್ತ ಪರೀಕ್ಷೆ ಮಾಡಿಸುತ್ತೇವೆ. ಯಾವಾಗಲೂ 2ರ ಆಸುಪಾಸು ಇರುತ್ತಿತ್ತು, ಈ ಸಲ ಬೇರೆ ಲ್ಯಾಬ್‌ನಲ್ಲಿ ಮಾಡಿಸಿದೆವು, 6.1 ಬಂದಿದೆ. ಬಿಟ್ಟಿದ್ದ ಬೀಡಿಯನ್ನೂ ಮತ್ತೆ ಹಿಡಿದಿದ್ದಾರೆ. ರಿಪೋರ್ಟನ್ನು ಅವರಿಗೆ ತೋರಿಸದೆ ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟಿದ್ದೇನೆ. ರಕ್ತದಲ್ಲೇ ಕ್ಯಾನ್ಸರ್‌ನ ಡಿಎನ್‌ಎ ಹುಡುಕುವ ಹೊಸ ಟೆಸ್ಟ್ ಇದೆಯಂತೆ, ಅದನ್ನೇ ಮಾಡಿಸಿಬಿಡಲಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ಆ ರಿಪೋರ್ಟನ್ನು ಸೀರೆ ಕೆಳಗಿಂದ ತೆಗೆದು ಅಪ್ಪನ ಕೈಗೆ ಕೊಡಿ. ಸೂಜಿ ಚುಚ್ಚಿಸಿಕೊಂಡವರು ಅವರು. ಎಷ್ಟು ಬಂತು ಅಂತ ನೀವು ಹೇಳದೇ ಹೋದರೇ ಅವರಿಗೆ ಭಯ ಜಾಸ್ತಿ ಅಲ್ವಾ?

6.1 ಬಂದ ಮಾತ್ರಕ್ಕೆ ಕಾಯಿಲೆ ಮರಳಿತು ಅಂತಲ್ಲ. ಸಾಮಾನ್ಯವಾಗಿ 5ರ ಒಳಗಿರಬೇಕು ಅನ್ನುತ್ತೇವೆ, ಆದರೆ ಬೀಡಿ, ಸಿಗರೇಟು ಸೇದುವವರಲ್ಲಿ ಸ್ವಲ್ಪ ಏರಿಯೇ ಇರುತ್ತದೆ, ಲಿವರ್ ತೊಂದರೆ ಇದ್ದರೂ ಕರುಳಿನಲ್ಲಿ ಉರಿಯೂತ ಇದ್ದರೂ ಏರುತ್ತದೆ. ಲ್ಯಾಬ್ ಬದಲಾದರೆ ಮೆಷಿನ್, ಕಿಟ್ ಎಲ್ಲ ಬದಲಾಗುತ್ತದೆ, ಹಾಗಾಗಿ ಹಳೇ ನಂಬರಿಗೆ ಇದನ್ನು ಹೋಲಿಸೋಕೆ ಆಗೋದಿಲ್ಲ. ಮೂರ್ನಾಲ್ಕು ವಾರದೊಳಗೆ ಹಳೇ ಲ್ಯಾಬ್‌ನಲ್ಲೇ ಇನ್ನೊಮ್ಮೆ ಮಾಡಿಸಿ. ಆಗಲೂ ಏರಿದ್ದರೆ ತಡ ಮಾಡಬೇಡಿ, ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಬೇಕು. ಕರುಳಿನ ಕ್ಯಾನ್ಸರ್ ಮರಳಿದಾಗ ಹೆಚ್ಚಾಗಿ ಲಿವರ್‌ನಲ್ಲಿ ಕಾಣಿಸಿಕೊಳ್ಳುತ್ತದೆ, ಒಂದೆರಡು ಗಂಟು ಇರುವಾಗಲೇ ಸಿಕ್ಕಿ, ಅದನ್ನು ಕತ್ತರಿಸಿ ತೆಗೆದು ಪೂರ್ತಿ ವಾಸಿಯಾದವರಿದ್ದಾರೆ. ತಪ್ಪದೆ ಟೆಸ್ಟ್ ಮಾಡಿಸಿ ಅನ್ನುವುದು ಅದಕ್ಕೇ. ಎಲ್ಲ ಕ್ಯಾನ್ಸರ್‌ಗೂ ಈ ಮಾತು ಹೊಂದುವುದಿಲ್ಲ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಸಿಇಎ ಥರವೇ ರಕ್ತದಲ್ಲಿ ನೋಡುವ ಸಿಎ-125 ಏರಿದ ಕೂಡಲೇ ಕೀಮೋ ಶುರು ಮಾಡಿದವರ ಆಯಸ್ಸು, ತೊಂದರೆ ಕಾಣಿಸಿದ ಮೇಲೆ ಶುರು ಮಾಡಿದವರಿಗಿಂತ ಹೆಚ್ಚಲಿಲ್ಲ ಅಂತ 2010ರ ಒಂದು ದೊಡ್ಡ ಅಧ್ಯಯನ ತೋರಿಸಿತು.

ಇನ್ನು ಡಿಎನ್‌ಎ ಟೆಸ್ಟ್. ಗಡ್ಡೆಯ ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ, ಆ ಚೂರುಗಳನ್ನು ಹುಡುಕುತ್ತಾರೆ. ಒಳ್ಳೇ ಟೆಸ್ಟೇ. ಆಸ್ಟ್ರೇಲಿಯಾದಲ್ಲಿ ಎರಡನೇ ಹಂತದ ಕರುಳಿನ ಕ್ಯಾನ್ಸರ್ ಇದ್ದ 455 ಜನರ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮಾಮೂಲಿ ರೀತಿಯಲ್ಲಿ ಶೇ. 28 ಜನರಿಗೆ ಕೀಮೋ ಕೊಟ್ಟರೆ, ಈ ಟೆಸ್ಟ್ ನೋಡಿ ನಿರ್ಧರಿಸಿದಾಗ ಶೇ. 15 ಜನರಿಗೆ ಸಾಕಾಯಿತು, ಎರಡು ವರ್ಷದ ಹೊತ್ತಿಗೆ ಕಾಯಿಲೆ ಮರಳುವುದೇನೂ ಜಾಸ್ತಿ ಆಗಲಿಲ್ಲ. ಆದರೆ ಅದು ಆಪರೇಷನ್ ಆದ ಹೊಸತರ ಮಾತು. ನಿಮ್ಮ ಅಪ್ಪನ ವಿಷಯದಲ್ಲಿ ಇದು ನೆಗೆಟಿವ್ ಬಂದರೂ, ಸಿಇಎ ಏರುತ್ತಿದ್ದರೆ ಸ್ಕ್ಯಾನ್ ಬಿಡೋ ಹಾಗಿಲ್ಲ. ಸಾಲ ಮಾಡಿ ಸುಮ್ನೆ ದುಡ್ಡು ಸುರಿಯಬೇಡಿ.

ಹಳೇ ಫೈಲ್ ತೆಗೆದು ಆಪರೇಷನ್‌ಗೆ ಮುಂಚೆ ಸಿಇಎ ಎಷ್ಟಿತ್ತು ನೋಡಿ. ಗಡ್ಡೆ ಇದ್ದಾಗಲೇ ಏರಿರಲಿಲ್ಲ ಅಂದರೆ, ಮುಂದೆ ನಾರ್ಮಲ್ ಬಂದಾಗಲೂ ಅದೊಂದನ್ನೇ ನಂಬಿ ಕೂರಬೇಡಿ. ಆ ಫೈಲ್ ನಿಮ್ಮ ಡಾಕ್ಟರಿಗೆ ತೋರಿಸಿ, ಬೀಡಿ ವಿಷಯವನ್ನೂ ಮುಚ್ಚಿಡದೆ ಹೇಳಿ.