ಪಳೆಯುಳಿಕೆ ಎಲೆಗಳಿಂದ ಅಂದಿನ ಹವಾಮಾನ ತಿಳಿಯುವುದು ಹೇಗೆ?

ಮೊದಲು ನೋಡುವುದು ಎಲೆಯ ಅಂಚನ್ನು. ಮಾವಿನ ಎಲೆಯಂಚಿನ ಮೇಲೆ ಬೆರಳಾಡಿಸಿ ನೋಡಿ, ನುಣುಪಾಗಿರುತ್ತದೆ. ಬಿಸಿನಾಡಿನ ಮರಗಳಲ್ಲಿ ಇಂಥ ಎಲೆಗಳೇ ಹೆಚ್ಚು. ಚಳಿನಾಡಿನ ಮರಗಳಲ್ಲಾದರೋ ಗರಗಸದಂಥ ಹಲ್ಲಿರುವ ಎಲೆಗಳು ಹೆಚ್ಚು. ಈ ನಂಟನ್ನು ಅಮೆರಿಕದ ಸಸ್ಯವಿಜ್ಞಾನಿಗಳಾದ ಬೈಲಿ ಮತ್ತು ಸಿನಾಟ್ 1915ರಲ್ಲೇ ತೋರಿಸಿಕೊಟ್ಟರು. ಒಂದೇ ಶಿಲಾಪದರದಲ್ಲಿ ಸಿಕ್ಕ ಮರಜಾತಿಗಳಲ್ಲಿ ನುಣುಪಂಚಿನವು ಎಷ್ಟು ಪಾಲು ಎಂದು ಎಣಿಸಿದರೆ, ವರ್ಷದ ಸರಾಸರಿ ಉಷ್ಣತೆಯ ಅಂದಾಜು ಸಿಗುತ್ತದೆ. ಒಂದೆರಡು ಎಲೆಗಳನ್ನು ನಂಬಿ ತೀರ್ಮಾನಿಸಲೇಬಾರದು. ಹಲವು ಜಾತಿಗಳು ಬೇಕು.

ದೊಡ್ಡ ಎಲೆ, ನೀರು ಜಾರಿಸುವ ನೀಳ ತುದಿ ಹೆಚ್ಚು ಮಳೆಯ ಸುಳಿವು. ರಾಜಸ್ಥಾನದ ಬಿಕಾನೇರ್ ಬಳಿಯ ಗುರ್ಹಾ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯ ಸುತ್ತ ಇಂದು ಮರಳುಗಾಡು. ಅಲ್ಲಿನ 5 ಕೋಟಿ ವರ್ಷಗಳಿಗೂ ಹಳೆಯ ಎಲೆಗಳು ಹೇಳುವುದು ಮಾತ್ರ ಬೆಚ್ಚನೆಯ, ಮಳೆ ಸುರಿಯುತ್ತಿದ್ದ ದಟ್ಟ ಕಾಡಿನ ಕಥೆ. ನನಗಂತೂ ಇದು ಇಂದಿಗೂ ಬೆರಗು.